ಕನ್ನಡಿ ಬೇರೆ, ಪ್ರತಿ ಬೇರೆ: ಗೂಗಲ್ ಫೋಟೋಸ್ – ಒಂದು ವಿಮರ್ಶೆ

ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನಲ್ಲಿ ಆಡೂರು ಎಂಬ ಊರಿದೆ. ಬಾದಾಮಿ ಚಾಲುಕ್ಯರ ಕಾಲದ ಅಲ್ಲಿಯ ಶಿಲಾಶಾಸನ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಜೆ. ಎಫ್. ಫ್ಲೀಟ್ ಅದರ ಪಾಠವನ್ನು 19ನೆಯ ಶತಮಾನದಲ್ಲೇ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಲ್ಲು ಸವೆದರೂ ಅಚ್ಚಾದ ಪಾಠ ಸವೆಯುವುದಿಲ್ಲ. ಒಂದು ಗ್ರಂಥಾಲಯದ ಸಂಪುಟಕ್ಕೆ ಗೆದ್ದಲು ಹಿಡಿದರೂ ಇನ್ನೊಂದು ಗ್ರಂಥಾಲಯದ್ದು ಉಳಿಯುತ್ತದೆ. ಒಂದಕ್ಕೆ ಬಂದ ಕೇಡು ಇನ್ನೊಂದಕ್ಕೆ ತಟ್ಟಬಾರದು. ‘ಬ್ಯಾಕಪ್’ ಎಂಬ ಪದಕ್ಕೆ ಇದೇ ಒರೆಗಲ್ಲು.

ಇಂದು ನೀವು ಮಕ್ಕಳನ್ನು ಆಡೂರಿಗೋ ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೋ ಕರೆದೊಯ್ದರೆ ಸಂಜೆಯೊಳಗೆ ಮೊಬೈಲಿನಲ್ಲಿ ಮುನ್ನೂರು ಚಿತ್ರಗಳು ಸೇರುತ್ತವೆ. ಬಹುಪಾಲು ಮಂದಿ ಅವುಗಳನ್ನು ಗೂಗಲ್ ಫೋಟೋಸ್‌ಗೆ ಒಪ್ಪಿಸಿ ನಿಶ್ಚಿಂತರಾಗುತ್ತಾರೆ. ಅದು ಈ ಒರೆಗಲ್ಲಿಗೆ ನಿಲ್ಲುತ್ತದೆಯೇ?

ಮೊದಲು ಗುಣವನ್ನು ಹೇಳಬೇಕು. 2015ರಲ್ಲಿ ಆರಂಭವಾದ ಈ ಸೇವೆಯಲ್ಲಿ ಹುಡುಕಾಟ ಬಲು ಸುಲಭ. ದಿನಾಂಕ, ಸ್ಥಳ, ಮುಖ ಯಾವುದರಿಂದ ಬೇಕಾದರೂ ಹಳೆಯ ಚಿತ್ರ ಸಿಗುತ್ತದೆ. ಮೊಬೈಲು ಕಳೆದುಹೋದರೂ ಚಿತ್ರ ಉಳಿಯುತ್ತದೆ. ‘ಟೇಕ್‌ಔಟ್’ ಸೌಲಭ್ಯದಿಂದ ಎಲ್ಲವನ್ನೂ ಹಿಂದಕ್ಕೆ ಪಡೆಯಲೂಬಹುದು.

ದೋಷವಿರುವುದು ಅದು ಬಳಸುವ ಪದದಲ್ಲಿ. ಅದು ‘ಬ್ಯಾಕಪ್’ ಎನ್ನುವುದು ಬಹುಮಟ್ಟಿಗೆ ಕನ್ನಡಿಯಂತೆ ಕೆಲಸ ಮಾಡುತ್ತದೆ. ಮೊಬೈಲಿನ ಆ ಆ್ಯಪ್‌ನಲ್ಲಿ ಒಂದು ಚಿತ್ರವನ್ನು ಅಳಿಸಿದರೆ ದೂರದ ಸರ್ವರಿನಲ್ಲಿರುವುದೂ ಅಳಿಯುತ್ತದೆ. ಅದು ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ, ಬಳಿಕ ಇಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ತಿಂಗಳು ಕಳೆಯುವುದು ನಿಮಗೆ ತಿಳಿಯದ್ದೇನಲ್ಲ.

‘ಜಾಗ ಖಾಲಿ ಮಾಡಿ’ ಎಂಬ ಗುಂಡಿ ಇನ್ನೂ ಮೋಸದ್ದು. ಸರ್ವರಿಗೆ ಹೋದ ಚಿತ್ರಗಳನ್ನು ಅದು ಮೊಬೈಲಿನಿಂದ ತೆಗೆದುಹಾಕುತ್ತದೆ. ಎರಡಿದ್ದದ್ದು ಒಂದಾಗುತ್ತದೆ. ಬ್ಯಾಕಪ್ ಎನಿಸಿಕೊಂಡದ್ದೇ ಈಗ ಏಕೈಕ ಮೂಲ!

ಜಾಗದ ಲೆಕ್ಕವನ್ನೂ ನೋಡಿ. ಅಪರಿಮಿತ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ನಿಂತಿತು. ಈಗಿನ ಉಚಿತ 15 ಗಿಗಾಬೈಟ್ ಇ-ಮೇಲ್ ಮತ್ತು ಡ್ರೈವ್ ಕಡತಗಳಿಗೂ ಸೇರಿದ್ದು. ಒಂದು ಚಿತ್ರಕ್ಕೆ 4 ಮೆಗಾಬೈಟ್ ಎಂದು ಹಿಡಿದರೆ ಸುಮಾರು 3,750 ಚಿತ್ರಗಳಿಗೆ ಅದು ಮುಗಿಯಿತು. ಜಾಗ ಉಳಿಸುವ ವಿಧಾನವನ್ನು ಆರಿಸಿದರೆ ಚಿತ್ರ ಮತ್ತೆ ಸಂಕುಚಿತಗೊಳ್ಳುತ್ತದೆ; ಹೀಗೆ ಹೋದ ವಿವರ ಮರಳಿ ಬಾರದು. ಎರಡು ವರ್ಷ ಬಳಸದ ಖಾತೆಯನ್ನು ಅಳಿಸುವ ನಿಯಮವನ್ನೂ ಸಂಸ್ಥೆ 2023ರಲ್ಲಿ ಪ್ರಕಟಿಸಿದೆ. ವರ್ಗವಾಗಿ ಹೋದ ಶಿಕ್ಷಕರು ಶಾಲೆಯ ಹೆಸರಿನಲ್ಲಿ ತೆರೆದಿದ್ದ ಖಾತೆಯ ಗತಿ ಏನೆಂದು ನೀವೇ ಯೋಚಿಸಿ.

ಜಾಗ ಸಾಲದಾದಾಗ ಅಳಿಸುವ ಕೆಲಸ ಬರುತ್ತದೆ. ಇಲ್ಲಿ ಎಚ್ಚರ ಬೇಕು. ಮೊಬೈಲನ್ನು ಚೊಕ್ಕಟ ಮಾಡುವ ತಂತ್ರಾಂಶಗಳು ‘ಒಂದೇ ರೀತಿಯ ಚಿತ್ರಗಳು’ ಎಂದು ಪಟ್ಟಿ ಕೊಡುತ್ತವೆ. ಮಕ್ಕಳ ಗುಂಪುಚಿತ್ರಕ್ಕೆ ಈ ಸಲಹೆ ಸರಿ, ಶಾಸನಕ್ಕೆ ಅಲ್ಲ. ಸವೆದ ಅಕ್ಷರ ಓರೆಬೆಳಕಿನಲ್ಲಿ ಮಾತ್ರ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಎಡದಿಂದ ಬೆಳಕು ಬಿದ್ದಾಗ ಕಾಣದ ಗೀರು ಮೇಲಿನಿಂದ ಬಿದ್ದಾಗ ಕಾಣಬಹುದು. 2001ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದ ತಂತ್ರ ಇದೇ ತತ್ತ್ವದ್ದು: ಕ್ಯಾಮೆರಾ ಕದಲಿಸದೆ ಬೆಳಕಿನ ದಿಕ್ಕು ಬದಲಿಸುತ್ತ ಹಲವು ಚಿತ್ರ ತೆಗೆದು ಮೇಲ್ಮೈಯ ಉಬ್ಬುತಗ್ಗನ್ನು ಅರಿಯುವುದು. ಯಂತ್ರಕ್ಕೆ ಅವಳಿಗಳಾಗಿ ಕಂಡ ಹತ್ತು ಚಿತ್ರಗಳು ಓದುಗನಿಗೆ ಹತ್ತು ಸಾಕ್ಷ್ಯಗಳು.

ಹಾಗಾದರೆ ಮಾಡುವುದೇನು? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ 3-2-1 ಸೂತ್ರ ನೆನಪಿಡಲು ಸುಲಭ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಶಾಲೆಯ ಗಣಕದಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಗೂಗಲ್ ಫೋಟೋಸ್‌ನಲ್ಲಿ ಒಂದು. ಈ ಮೂರನೆಯ ಸ್ಥಾನಕ್ಕೆ ಅದು ಯೋಗ್ಯ. ಏಕೈಕ ಸ್ಥಾನಕ್ಕೆ ಖಂಡಿತ ಅಲ್ಲ. ನಕಲು ಮುಗಿದ ಮೇಲೆ ಡಿಸ್ಕನ್ನು ಗಣಕದಿಂದ ಬಿಡಿಸಿಡಿ. ಆಗ ಗಣಕದಲ್ಲಿ ಕೈತಪ್ಪಿ ಅಳಿಸಿದ್ದು ಡಿಸ್ಕಿಗೆ ತಲುಪದು. ಪೆನ್‌ಡ್ರೈವನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ನಂಬಬೇಡಿ. ಅದರ ಕೋಶಗಳಲ್ಲಿರುವ ವಿದ್ಯುದಾವೇಶ ಮೆಲ್ಲಗೆ ಸೋರುತ್ತದೆ. ಡಿಸ್ಕಿನಿಂದ ಕೆಲವು ಚಿತ್ರಗಳನ್ನು ತೆರೆದು ನೋಡಿದ ನಂತರವೇ ಮೊಬೈಲಿನಲ್ಲಿರುವುದನ್ನು ಅಳಿಸಿ.

ತರಗತಿಯಲ್ಲೊಂದು ಪ್ರಯೋಗ ಮಾಡಿಸಿ. ಒಂದು ಶಿಲೆಯ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಒಮ್ಮೆ ಸಾಮಾನ್ಯ ಚಿತ್ರವಾಗಿ, ಇನ್ನೊಮ್ಮೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಎರಡರ ಗಾತ್ರವನ್ನೂ, ತೆಗೆದ ದಿನಾಂಕದ ವಿವರವನ್ನೂ ಮೂಲದೊಡನೆ ಹೋಲಿಸಲಿ. ಯಾವುದು ನಿಜವಾದ ಪ್ರತಿ ಎಂಬುದನ್ನು ಮಕ್ಕಳೇ ನಿಮಗೆ ಹೇಳುತ್ತಾರೆ.