‘ದಿ ಹಂಟ್ ಫಾರ್ ವೀರಪ್ಪನ್’: ಸಮತೋಲನದ ಹೆಸರಿನಲ್ಲಿ ಬಿಟ್ಟುಹೋದ ಹನೂರು

2023ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ ಮೂಲಕ ತೆರೆಕಂಡ, ಕಾಡುಗಳ್ಳ ವೀರಪ್ಪನ್ ಕುರಿತ, ಸೆಲ್ವಮಣಿ ಸೆಲ್ವರಾಜ್ ನಿರ್ದೇಶನದ ನಾಲ್ಕು ಕಂತುಗಳ ಸಾಕ್ಷ್ಯಚಿತ್ರ ‘ದಿ ಹಂಟ್ ಫಾರ್ ವೀರಪ್ಪನ್’ಗೆ ದೊರೆತ ಮನ್ನಣೆಯ ತಿರುಳು, ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂಬುದು. ಈ ಮೆಚ್ಚುಗೆ ಚಿತ್ರದ ಯೋಗ್ಯತೆಯನ್ನು ಮೀರಿದ್ದು. ಹನೂರು ಭಾಗದ ಗೋಪಿನಾಥಂ, ಮೀಣ್ಯಂ, ರಾಮಾಪುರ, ಪಾಲಾರ್ ಎಂಬ ಹೆಸರುಗಳು ಯಾವ ಘಟನೆಗಳನ್ನು ನೆನಪಿಸುತ್ತವೆ ಎಂಬುದನ್ನು ಕೊಳ್ಳೇಗಾಲ ಸೀಮೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರಿಶೀಲಿಸಬೇಕಾದದ್ದು ಆ ಘಟನೆಗಳನ್ನು ಚಿತ್ರವು ಯಾವ ದೃಶ್ಯಗಳಿಂದ ಕಟ್ಟುತ್ತದೆ ಎಂಬುದನ್ನು.

‘ಅಟ್ಟಹಾಸ’ (2013), ‘ಕಿಲ್ಲಿಂಗ್ ವೀರಪ್ಪನ್’ (2016) ಮೊದಲಾದ ಕಥಾಚಿತ್ರಗಳ ಅಬ್ಬರ ಇಲ್ಲಿಲ್ಲ. ವೀರಪ್ಪನ್ ಪತ್ನಿ ಮುತ್ತುಲಕ್ಷ್ಮಿಯವರ ಮಾತಿಗೆ ಅಡ್ಡಿಯಿಲ್ಲದ ಅವಕಾಶ ದೊರೆತಿದೆ. ವೀರಪ್ಪನ್‌ನನ್ನು ಹಿಡಿಯಲು ರಚಿಸಿದ್ದ ವಿಶೇಷ ಕಾರ್ಯಪಡೆಯ ದೌರ್ಜನ್ಯವನ್ನೂ ಮುಚ್ಚಿಟ್ಟಿಲ್ಲ. ಇಷ್ಟು ಒಪ್ಪಬೇಕಾದ ಮಾತು.

ಚಿತ್ರದ ಮುಖ್ಯ ಆಧಾರವೆಂದರೆ ದಾಖಲೆ ತುಣುಕುಗಳು, ಅಂದರೆ ಘಟನೆಗಳು ನಡೆಯುತ್ತಿದ್ದ ಕಾಲದಲ್ಲೇ ತೆಗೆದ ಛಾಯಾಚಿತ್ರ, ವಿಡಿಯೊ ಮತ್ತು ಧ್ವನಿಮುದ್ರಿಕೆಗಳು. ಇವುಗಳಲ್ಲಿ ಹೆಚ್ಚು ಪರಿಚಿತವಾದವು ತಮಿಳಿನ ‘ನಕ್ಕೀರನ್’ ವಾರಪತ್ರಿಕೆಯ ಪತ್ರಕರ್ತ ಪಿ. ಶಿವಸುಬ್ರಮಣಿಯಂ 1990ರ ದಶಕದಲ್ಲಿ ಕಾಡಿಗೆ ಹೋಗಿ ತೆಗೆದ ವೀರಪ್ಪನ್‌ನ ಚಿತ್ರಗಳು: ಹಸಿರು ಸಮವಸ್ತ್ರ, ಕೈಯಲ್ಲಿ ಬಂದೂಕು, ಕೆನ್ನೆ ತುಂಬಿದ ಮೀಸೆ. ಪತ್ರಿಕಾ ಛಾಯಾಗ್ರಹಣದ ಸಾಹಸವಾಗಿ ಅವು ಅಸಾಮಾನ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಭೇಟಿಯ ಜಾಗ, ಹೊತ್ತು, ನಿಲ್ಲುವ ಭಂಗಿ, ಜೊತೆಯಲ್ಲಿ ಯಾರಿರಬೇಕು ಎಂಬುದೆಲ್ಲ ಚಿತ್ರಕ್ಕೆ ಒಳಗಾದ ವ್ಯಕ್ತಿಯ ಹಿಡಿತದಲ್ಲಿದ್ದ ಸನ್ನಿವೇಶ ಅದು. ಅಚ್ಚಾಗಿ ಊರೂರು ತಲುಪಲಿ ಎಂದೇ ಅವನು ಕ್ಯಾಮೆರಾದ ಮುಂದೆ ಬಂದಿದ್ದ. ಆ ಪತ್ರಕರ್ತರು ಸಾಕ್ಷ್ಯಚಿತ್ರದಲ್ಲಿ ತಾವೇ ಮಾತನಾಡುತ್ತಾರಾದರೂ, ಚಿತ್ರಗಳನ್ನು ಬಳಸುವ ಕ್ರಮದಲ್ಲಿ ಈ ಅರಿವು ಉಳಿಯುವುದಿಲ್ಲ. ಒಬ್ಬರ ಮಾತನ್ನು ಅರ್ಧಕ್ಕೆ ತಡೆದು ಮತ್ತೊಬ್ಬರ ಮಾತನ್ನು ಜೋಡಿಸುವ ಸಂಕಲನದಲ್ಲಿ ಅವು ನಡುನಡುವೆ ಬಂದು, ಯಾರ ಹೇಳಿಕೆಗೂ ಸೇರದ ತಟಸ್ಥ ಪುರಾವೆಯಂತೆ ನಿಂತುಬಿಡುತ್ತವೆ. 2004ರ ಅಕ್ಟೋಬರ್ 18ರಂದು ವೀರಪ್ಪನ್‌ನನ್ನು ಕೊಂದ ಕಾರ್ಯಾಚರಣೆಯ ನಂತರ ಹೊರಬಂದ, ಮೀಸೆ ಸಣ್ಣದಾಗಿದ್ದ ಶವದ ಚಿತ್ರವನ್ನು ಇವುಗಳ ಪಕ್ಕದಲ್ಲಿಟ್ಟರೆ ವಿಷಯ ಸ್ಪಷ್ಟವಾಗುತ್ತದೆ. ಮೊದಲಿನವು ವೀರಪ್ಪನ್‌ ಒಪ್ಪಿ ತೆಗೆಸಿಕೊಂಡವು, ಕೊನೆಯದು ಪೊಲೀಸರು ಒಪ್ಪಿ ತೋರಿಸಿದ್ದು. ಚಿತ್ರವು ಸಾಧಿಸಿದೆ ಎನ್ನುವ ಸಮತೋಲನವು ಬಂದೂಕೂ ಕ್ಯಾಮೆರಾವೂ ಎಟುಕುತ್ತಿದ್ದ ಈ ಎರಡು ಪಕ್ಷಗಳ ನಡುವಿನದು ಮಾತ್ರ.

ಮೂರನೆಯವರಿಗೆ, ಅಂದರೆ ನಡುವೆ ಸಿಕ್ಕಿಕೊಂಡ ಹಳ್ಳಿಗರಿಗೆ, ಚಿತ್ರಗಳಿಲ್ಲ. 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ನಡೆಸಿದ ಪಾಲಾರ್ ಸ್ಫೋಟದಲ್ಲಿ ಸತ್ತ 22 ಮಂದಿಯಲ್ಲಿ ಪೊಲೀಸರೂ ಅರಣ್ಯ ಸಿಬ್ಬಂದಿಯೂ ಅಲ್ಲದ, ಮಾಹಿತಿದಾರರೆಂದು ಜೊತೆಗೆ ಕರೆದೊಯ್ದಿದ್ದ ಸ್ಥಳೀಯರೂ ಇದ್ದರು. ಮಲೆ ಮಹದೇಶ್ವರ ಬೆಟ್ಟದ ಕಾರ್ಯಪಡೆ ಶಿಬಿರದಲ್ಲಿ, ‘ವರ್ಕ್‌ಶಾಪ್’ ಎಂದು ಕುಖ್ಯಾತವಾದ ಕೋಣೆಯಲ್ಲಿ, ಹಳ್ಳಿಗರ ಮೇಲೆ ನಡೆಯಿತೆಂದು ಹೇಳಲಾದ ಹಿಂಸೆಗೆ ಉಳಿದದ್ದು ಬಾಯಿಮಾತಿನ ಸಾಕ್ಷ್ಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಕೇಳಿಸಿಕೊಂಡದ್ದು ಅದನ್ನೇ. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ನೀಡಬೇಕೆಂಬ ಶಿಫಾರಸಿಗೆ ತಳಹದಿಯಾದದ್ದೂ ಆ ಮಾತುಗಳೇ. ಚಿತ್ರವಿಲ್ಲದ ಇಂಥ ಮಾತಿನ ಎದುರು ಸಾಕ್ಷ್ಯಚಿತ್ರಕಾರನೊಬ್ಬ ಏನು ಮಾಡಬಹುದು ಎಂಬುದಕ್ಕೆ ಕಾಂಬೋಡಿಯಾದ ರಿಥಿ ಪನ್ ಅವರ ‘ದಿ ಮಿಸ್ಸಿಂಗ್ ಪಿಕ್ಚರ್’ (2013) ಒಂದು ಗಂಭೀರ ಉತ್ತರ. ಖಮೇರ್ ರೂಜ್ ಆಡಳಿತ ತನ್ನ ಪ್ರಚಾರಕ್ಕೆ ತೆಗೆಸಿದ ತುಣುಕುಗಳಷ್ಟೇ ಉಳಿದಿರುವಾಗ, ಸತ್ತವರನ್ನು ಮಣ್ಣಿನ ಗೊಂಬೆಗಳಾಗಿ ಮಾಡಿ ನಿಲ್ಲಿಸುವ ಆ ಚಿತ್ರ, ಇಲ್ಲದ ದೃಶ್ಯ ಇಲ್ಲವೆಂಬುದನ್ನೇ ನೋಡುಗರ ಮುಂದಿಡುತ್ತದೆ. ‘ದಿ ಹಂಟ್ ಫಾರ್ ವೀರಪ್ಪನ್’ ಅದೇ ಬಗೆಯ ಖಾಲಿಯನ್ನು ಮೇಲಿನಿಂದ ತೆಗೆದ ಕಾಡಿನ ಸುಂದರ ದೃಶ್ಯಗಳಿಂದ ತುಂಬುತ್ತದೆ. ಆ ಕಾಡಿನಲ್ಲಿ ಮನುಷ್ಯರ ಸುಳಿವಿಲ್ಲ. ಸೋಲಿಗ ಬುಡಕಟ್ಟಿನವರ ಪೋಡುಗಳೆಂಬ ವಸತಿಗಳಿಲ್ಲ, ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಪರಿಷೆಗೆ ನಡೆದು ಹೋಗುವವರ ಹಾದಿಯಿಲ್ಲ.

ಇಂಥ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಕೇಳಿಬರುವ ಆಕ್ಷೇಪಗಳು ಮಾತ್ರ ಬೇರೆ ಕಡೆಗೆ ಗುರಿಯಿಟ್ಟಿವೆ. ಹಂತಕನನ್ನು ವೈಭವೀಕರಿಸಲಾಗಿದೆ ಎಂಬುದು ಒಂದು ಆಕ್ಷೇಪ; ತಮಿಳಿನ ಕಣ್ಣಿನಿಂದ ನೋಡಲಾಗಿದೆ ಎಂಬುದು ಇನ್ನೊಂದು. ಎರಡನೆಯದು ಚರಿತ್ರೆಯನ್ನು ಮರೆತ ಮಾತು. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾರ್ಟಳ್ಳಿ, ಗೋಪಿನಾಥಂ ಕಡೆಯ ಮನೆಗಳಲ್ಲಿ ತಮಿಳೇ ಮನೆಮಾತು, ಸಂತೆ ಮತ್ತು ಕಚೇರಿಗೆ ಕನ್ನಡ. ಅಲ್ಲಿನ ಸಂಕಟವನ್ನು ತಮಿಳಿನಲ್ಲಿ ಹೇಳಿದ್ದು ತಪ್ಪೆನ್ನುವ ವಿಮರ್ಶಕರು, ಸಂಕಟಪಟ್ಟವರನ್ನು ಎರಡನೆಯ ಬಾರಿ ಹೊರಗಿಡುತ್ತಾರೆ. ವೈಭವೀಕರಣದ ದೂರೂ ನಾಯಕನೋ ಖಳನೋ ಎಂಬ ಹಳೆಯ ಪ್ರಶ್ನೆಗೇ ಕಟ್ಟುಬಿದ್ದಿದೆ. ಚಿತ್ರವನ್ನು ಸಮತೋಲನಕ್ಕಾಗಿ ಹೊಗಳುವವರು ನಿಂತಿರುವುದೂ ಆ ಪ್ರಶ್ನೆಯ ಒಳಗೇ.

ಆ ಪ್ರಶ್ನೆಯ ಹೊರಗೆ ಉಳಿದವರು ಹಳ್ಳಿಗರು. ವೀರಪ್ಪನ್‌ಗೆ ನೆರವಾದ ಆರೋಪದ ಮೇಲೆ ಈ ಭಾಗದ ನೂರಕ್ಕೂ ಹೆಚ್ಚು ಮಂದಿ ಟಾಡಾ, ಅಂದರೆ ಭಯೋತ್ಪಾದನಾ ತಡೆ ಕಾಯ್ದೆಯಡಿ, ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸಿದರು. ಅವರಲ್ಲಿ ಬಹುಪಾಲು ಜನ ವರ್ಷಗಟ್ಟಲೆ ಸೆರೆಯಲ್ಲಿದ್ದು 2001ರಲ್ಲಿ ಖುಲಾಸೆಯಾದರು. ಅವರ ಹಳ್ಳಿಗಳು ಹನೂರಿನಿಂದ ಬಸ್ಸಿನಲ್ಲಿ ತಲುಪಬಹುದಾದಷ್ಟು ದೂರದಲ್ಲಿವೆ, ಅವರ ಹೇಳಿಕೆಗಳು ನ್ಯಾಯಾಲಯದ ಮತ್ತು ಸಮಿತಿಯ ಕಡತಗಳಲ್ಲಿವೆ, ಮತ್ತು ಆ ಹೇಳಿಕೆಗಳನ್ನೇ ನಡುವಿಗಿಟ್ಟು ಕಟ್ಟಿದ ದೊಡ್ಡ ಸಾಕ್ಷ್ಯಚಿತ್ರವೊಂದು ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಇನ್ನೂ ಬರಬೇಕಾಗಿದೆ.