ವಿಜಯನಗರದ ಕಮ್ಮಟ: ವರಾಹ ಮತ್ತು ತಾರ

ಮಂಗಳೂರಿನಲ್ಲಿ ಹಡಗಿನಿಂದಿಳಿದು, ಘಟ್ಟವನ್ನೇರಿ, 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಯನ್ನು ಕಂಡ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಅಲ್ಲಿಯ ಚಿನ್ನದ ವರಾಹ, ಪ್ರತಾಪ, ಹಣಗಳನ್ನು ವಿವರಿಸಿದ ಬಳಿಕ, ಹಣದ ಆರರಲ್ಲೊಂದು ಪಾಲಿನ ಬೆಳ್ಳಿಯ ತಾರವನ್ನು ಹೆಸರಿಸುತ್ತಾನೆ. ಐರೋಪ್ಯ ಅರಸರು ಬೆಳ್ಳಿಯಲ್ಲಿಯೂ ತಮ್ಮ ಪ್ರತಿಷ್ಠೆಯನ್ನು ಮೆರೆಯುತ್ತಿದ್ದ ಆ ಯುಗದಲ್ಲಿ ನಮ್ಮ ನಾಡಿನ ಬೆಳ್ಳಿಗೆ ದೊರೆತುದು ಚಿಲ್ಲರೆಯ ಸ್ಥಾನ.

ಈ ಕಮ್ಮಟದ ಕಲೆಯನ್ನು ಅರಿಯಲು ಕೃಷ್ಣದೇವರಾಯನ ವರಾಹವನ್ನು ಅಂಗೈಯಲ್ಲಿರಿಸಿ ನೋಡಬೇಕು. ತೂಗಿ ಹದಗೊಳಿಸಿದ ಬಿಲ್ಲೆಯನ್ನು ಕೆಳಗಣ ಅಚ್ಚಿನ ಮೇಲಿರಿಸಿ, ಮೇಲಣ ಅಚ್ಚನ್ನು ಹಿಡಿದು, ಸುತ್ತಿಗೆಯಿಂದ ಹೊಡೆದು ಪಡೆದ, ಅರ್ಧ ಅಂಗುಲವನ್ನೂ ಮುಟ್ಟದ, ಸುಮಾರು 3.4 ಗ್ರಾಂ ತೂಕದ ಆ ಚಿನ್ನದಲ್ಲಿ ಬಾಲಕೃಷ್ಣನು ಕುಳಿತಿದ್ದಾನೆ. ಇಕ್ಕೆಲಗಳಲ್ಲಿ ಶಂಖ ಚಕ್ರಗಳಿವೆ. ಹಿಂಬದಿಯ ಮೂರು ಸಾಲಿನ ನಾಗರೀ ಲಿಪಿ ಶ್ರೀ ಪ್ರತಾಪ ಕೃಷ್ಣರಾಯನೆಂದು ಸಾರುತ್ತದೆ. ಅಚ್ಚು ಬಿಲ್ಲೆಗಿಂತ ದೊಡ್ಡದಾದಾಗ ಅಂಚಿನ ಅಕ್ಷರಗಳು ಹೊರಗುಳಿದು ಬರಹ ಅಪೂರ್ಣವಾಗುವುದುಂಟು. ಇದು ದೋಷವೇ ಸರಿ. ಆದರೆ ದೇವತಾಮೂರ್ತಿಯ ಸಮತೂಕ, ಅವಯವಗಳನ್ನು ಗುಂಡುಗುಂಡಾದ ಉಬ್ಬುಗಳಲ್ಲಿಯೇ ಸೂಚಿಸಿ ನಿಲ್ಲುವ ಅಚ್ಚುಗಾರನ ಸಂಯಮ, ಇವು ಮೇಲ್ಮಟ್ಟದ ಶಿಲ್ಪಪ್ರಜ್ಞೆಗೆ ಸಾಕ್ಷಿಯೆಂದೇ ನಾನು ಬಗೆಯುತ್ತೇನೆ. ಅಚ್ಯುತರಾಯನ ನಾಣ್ಯದ ಗಂಡಭೇರುಂಡವಂತೂ ಕೊಕ್ಕು ಉಗುರುಗಳಲ್ಲಿ ಆನೆಗಳನ್ನೇ ಹಿಡಿದು, ಅಷ್ಟು ಕಿರಿದಾದ ಎಡೆಯಲ್ಲಿಯೂ ರಭಸದಿಂದ ತುಂಬಿಕೊಂಡಿದೆ.

ಕೃಷ್ಣದೇವರಾಯನು ಪಟ್ಟವೇರಿದ 1509ರಲ್ಲಿಯೇ ಇಂಗ್ಲೆಂಡಿನ ಸಿಂಹಾಸನವನ್ನೇರಿದ ಎಂಟನೆಯ ಹೆನ್ರಿಯು ತನ್ನ ಬೆಳ್ಳಿಯ ನಾಣ್ಯಗಳಲ್ಲಿ ತನ್ನ ಮುಖವನ್ನೇ ಒತ್ತಿಸಿದನು. 1544ರಿಂದೀಚೆಗೆ ಬೊಕ್ಕಸದ ಬಡತನಕ್ಕಾಗಿ ಅದರಲ್ಲಿ ತಾಮ್ರವನ್ನು ಮಿತಿಮೀರಿ ಬೆರೆಸಿದುದರಿಂದ, ಸವೆದಂತೆಲ್ಲ ಅರಸನ ಉಬ್ಬಿದ ಮೂಗೇ ಮೊದಲು ಕೆಂಪಾಗಿ ಕಾಣತೊಡಗಿತು. ಭಾವಚಿತ್ರದ ಚಾತುರ್ಯದಲ್ಲಿ ಹೆನ್ರಿಯ ಕಮ್ಮಟಿಗರು ಮುಂದಿದ್ದರೆಂಬುದನ್ನು ಒಪ್ಪಲೇಬೇಕು; ಆದರೆ ನಾಣ್ಯವು ಪ್ರಜೆಗೆ ಕೊಟ್ಟ ಮಾತೂ ಹೌದಾದುದರಿಂದ, ಲೋಹದ ಸತ್ಯವನ್ನು ಬಿಟ್ಟು ರೇಖೆಯ ಸೊಬಗನ್ನು ಮಾತ್ರ ಅಳೆಯುವ ವಿಮರ್ಶೆಯನ್ನು ನಾನು ಒಪ್ಪಲಾರೆ.

ವಿಜಯನಗರದ ಕಮ್ಮಟದ ಮೇಲೆ ನನ್ನ ಆಕ್ಷೇಪವಿರುವುದು ತಾರದ ವಿಷಯದಲ್ಲಿ. ಕಿರುವ್ಯಾಪಾರದ ಈ ಬೆಳ್ಳಿಯನ್ನು ಕಾಳಿನಷ್ಟು ಕಿರಿದಾಗಿಸಿದುದರಿಂದ ಅಚ್ಚುಗಾರನ ಕೈಗೆ ಅವಕಾಶವೇ ಉಳಿಯಲಿಲ್ಲ. ವರಾಹದ ಮೇಲೆ ಸುರಿದ ಅಕ್ಕರೆಯ ಲೇಶವೂ ಸಾಮಾನ್ಯನ ನಾಣ್ಯಕ್ಕೆ ಸಲ್ಲಲಿಲ್ಲ. ವರಾಹದ ಭಾಗ್ಯವೇ ಬೇರೆ. ಸದಾಶಿವರಾಯನ ಕಾಲದ ಶಿವಪಾರ್ವತಿಯರ ಮುದ್ರೆಯನ್ನು ಇಕ್ಕೇರಿಯ ನಾಯಕರು ಮುಂದುವರಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ತನ್ನ ವರಾಹದ ಒಂದು ಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಒತ್ತಿಸಿ, ಮತ್ತೊಂದು ಬದಿಯಲ್ಲಿ ಆ ಶಿವಪಾರ್ವತಿಯರನ್ನೇ ಉಳಿಸಿಕೊಂಡನು.