ಊರಿಗೆ ಮರಳುವ ಕಥೆ, ಊರು ಮುಳುಗಿದವರ ಮುಂದೆ

ಪುಷ್ಯ ಮಾಸ ಹತ್ತಿರವಾಯಿತೆಂದರೆ ನವನಗರದ ನಮ್ಮ ಸೆಕ್ಟರಿನಲ್ಲಿ ಬನಶಂಕರಿ ಜಾತ್ರೆಯದೇ ಮಾತು. ಯಾವ ನಾಟಕ ಕಂಪನಿ ಬಂದಿದೆ, ಯಾವ ನಾಟಕ ಹಚ್ಚಿದ್ದಾರೆ, ಈ ಸಲ ನಗಿಸುವವರು ಯಾರು ಎಂದು ವಿಚಾರಿಸುವುದರಲ್ಲೇ ಅರ್ಧ ಜಾತ್ರೆ ಮುಗಿದಿರುತ್ತದೆ. ಅಂಥ ಒಂದು ಸಂಜೆ ನಾನು ಮೊಬೈಲಿನಲ್ಲಿ ಅಮೆರಿಕದ ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾದ ಕ್ರಿಸ್‌ಮಸ್ ಪ್ರದರ್ಶನದ ತುಣುಕುಗಳನ್ನು ನೋಡುತ್ತ ಕುಳಿತಿದ್ದೆ. ವೇದಿಕೆಯ ಮೇಲೆ ಬೆಂಕಿ ಚಿಮ್ಮುತ್ತಿತ್ತು, ಲೇಸರ್ ಬೆಳಕು ಛಾವಣಿಗೆ ಬಡಿಯುತ್ತಿತ್ತು, ಗಿಟಾರಿನವರು ಕೂದಲು ಬೀಸಿ ನುಡಿಸುತ್ತಿದ್ದರು. ನಡುನಡುವೆ ಒಬ್ಬ ಬಂದು ಗಂಭೀರ ದನಿಯಲ್ಲಿ ಕಥೆ ಹೇಳಿ ಹೋಗುತ್ತಿದ್ದ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಂದಿನಿಂದ ಇಣುಕಿ, "ಯಾವ ಕಂಪನಿನೋ ಇದು?" ಎಂದು ಕೇಳಿದಳು.

ನಕ್ಕೆ. ಆದರೆ ಆ ತಂಡದ ಬಗ್ಗೆ ಅಷ್ಟು ಸರಿಯಾದ ಪ್ರಶ್ನೆಯನ್ನು ನಾನು ಬೇರೆಲ್ಲೂ ಓದಿರಲಿಲ್ಲ.

ಪಾಲ್ ಓ'ನೀಲ್ ಕಟ್ಟಿದ ಈ ತಂಡದ ಮೊದಲ ಆಲ್ಬಂ ಬಂದದ್ದು 1996ರಲ್ಲಿ. 1999ರಿಂದ ಅವರು ಚಳಿಗಾಲದಲ್ಲಿ ತಿರುಗಾಟ ಹೊರಡುತ್ತಾರೆ. ಹಬ್ಬದ ದಿನಗಳು ಕಡಿಮೆ, ಬೇಡಿಕೆ ಹೆಚ್ಚು. ಅದಕ್ಕಾಗಿ ಒಂದೇ ಹೆಸರಿನ ಎರಡು ಮೇಳಗಳು ಏಕಕಾಲಕ್ಕೆ ಬೇರೆ ಬೇರೆ ಊರುಗಳಲ್ಲಿ ಆಡುತ್ತವೆ, ಎಷ್ಟೋ ಕಡೆ ದಿನಕ್ಕೆ ಎರಡು ಪ್ರಯೋಗ. ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ಆಯಾ ಊರಿನ ದಾನಕಾರ್ಯಕ್ಕೆ ಹೋಗುತ್ತದೆ. ಸಾವಿರಾರು ಜನ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ, ಎಷ್ಟೋ ಮನೆಗಳವರು ವರ್ಷವೂ ಬರುತ್ತಾರೆ. ಮೊದಲರ್ಧದಲ್ಲಿ ಒಂದು ಕಥೆ, ಎರಡನೆಯ ಅರ್ಧದಲ್ಲಿ ಜನ ಬಯಸುವ ಹಾಡುಗಳು ಮತ್ತು ದೀಪಗಳ ಆಟ. ಇದರಲ್ಲಿ ಡೇರೆಯೊಂದನ್ನು ಬಿಟ್ಟರೆ ಬನಶಂಕರಿಯಲ್ಲಿ ಇಲ್ಲದ್ದು ಯಾವುದು?

ಅಬ್ಬರದ ವಿಷಯದಲ್ಲೂ ನಾವು ಹಿಂದೆ ಬಿದ್ದವರಲ್ಲ. 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು ಗುಬ್ಬಿ ಕಂಪನಿ. 'ಸಂಪತ್ತಿಗೆ ಸವಾಲ್' ಬರೆದ ಪಿ.ಬಿ. ಧುತ್ತರಗಿ ನಮ್ಮ ಹುನಗುಂದ ತಾಲೂಕಿನ ಸೂಳೇಭಾವಿಯವರು. 1974ರಲ್ಲಿ ಅದು ಸಿನಿಮಾ ಆಗುವ ಮೊದಲೇ ಕಂಪನಿಗಳ ಡೇರೆಗಳಲ್ಲಿ ಜನ ಅದನ್ನು ನೋಡಿದ್ದರು. ಆದರೂ ನಾನು ಓದಿದ ಕನ್ನಡ ಎಂ.ಎ. ತರಗತಿಯಲ್ಲಿ ಕಂಪನಿ ನಾಟಕ ಎಂದರೆ ಒಂದು ಟಿಪ್ಪಣಿ ಮಾತ್ರ. ಆಧುನಿಕ ರಂಗಭೂಮಿ ಯಾವುದನ್ನು ಬಿಟ್ಟು ಮುಂದೆ ಬಂತು ಎಂದು ತೋರಿಸಲು ಅದರ ಹೆಸರು ಬರುತ್ತಿತ್ತು. ಅದಕ್ಕೆ ಕೊಡುವ ಕಾರಣಗಳು ಮೂರು: ಅತಿ ಭಾವುಕತೆ, ಅತಿ ಅಬ್ಬರ, ಅದೇ ಕಥೆಯ ಪುನರಾವರ್ತನೆ.

ಮೂರನೆಯದನ್ನು ಮೊದಲು ನೋಡೋಣ. ಹಬ್ಬದ ಪ್ರದರ್ಶನಕ್ಕೆ ಬರುವವನು ಮುಂದೇನಾಗುತ್ತದೆ ಎಂದು ತಿಳಿಯಲು ಬರುವುದಿಲ್ಲ. ಗೊತ್ತಿರುವುದು ಮತ್ತೆ ನಡೆಯುವುದನ್ನು ನೋಡಲು ಬರುತ್ತಾನೆ. ಹೊಸತನದ ಅಳತೆಗೋಲು ಇಲ್ಲಿ ಕೆಲಸ ಮಾಡದು. ಕೇಳಬೇಕಾದದ್ದು ಬೇರೆ: ಬೆಂಕಿ, ಬೆಳಕು, ನಗೆ, ಕುಣಿತ ಎಲ್ಲವೂ ಆ ಗೊತ್ತಿರುವ ಗಳಿಗೆಯತ್ತ ನಮ್ಮನ್ನು ಕರೆದೊಯ್ಯುತ್ತವೆಯೋ, ಅಥವಾ ಅದನ್ನು ಮುಚ್ಚಿಹಾಕುತ್ತವೆಯೋ?

ಟ್ರಾನ್ಸ್-ಸೈಬೀರಿಯನ್‌ನವರ ಅತಿ ಪ್ರಸಿದ್ಧ ವಾದ್ಯಕೃತಿ ಸಾರಾಯೆವೊ ನಗರದ ಹೆಸರಿನದು. ಅದು ಮೊದಲು ಬಂದದ್ದು 1995ರಲ್ಲಿ, ಸಾವಟಾಜ್ ಎಂಬ ರಾಕ್ ತಂಡದ ಆಲ್ಬಮಿನಲ್ಲಿ. ಯುದ್ಧದಲ್ಲಿ ಪಾಳುಬಿದ್ದ ಊರಿನ ನಡುವೆ ಒಬ್ಬ ಚೆಲೊ ನುಡಿಸುತ್ತಾನೆ, ಅದು ಇದರ ಹಿಂದಿನ ಕಥೆ. ಒಂಟಿ ಚೆಲೊದಿಂದ ಕೃತಿ ಆರಂಭವಾಗುತ್ತದೆ. ಆಮೇಲೆ ರಾಕ್ ವಾದ್ಯಗಳೂ ಆರ್ಕೆಸ್ಟ್ರಾವೂ ಎರಡು ಸೈನ್ಯಗಳಂತೆ ಮುಗಿಬೀಳುತ್ತವೆ. ಇಲ್ಲಿ ಅಬ್ಬರಕ್ಕೆ ಅರ್ಥವಿದೆ, ಏಕೆಂದರೆ ಆ ಒಂಟಿ ದನಿಯನ್ನು ನಾವು ಮೊದಲೇ ಕೇಳಿರುತ್ತೇವೆ. ಗದ್ದಲ ಹೆಚ್ಚಿದಷ್ಟೂ ಅದು ಎಲ್ಲಿ ಹೋಯಿತೆಂದು ಕಿವಿ ಹುಡುಕುತ್ತದೆ. ಇದರೊಳಗೆ ಹೆಣೆದಿರುವ ಒಂದು ಧಾಟಿ ಉಕ್ರೇನಿನ ಮಿಕೊಲಾ ಲೆಯೊಂಟೊವಿಚ್ ಸಂಯೋಜಿಸಿದ್ದು. 1916ರಲ್ಲಿ ಕೀವ್‌ನಲ್ಲಿ ಮೊದಲು ಹಾಡಿದಾಗ ಅದು ಕ್ರಿಸ್‌ಮಸ್ ಗೀತೆಯೇ ಆಗಿರಲಿಲ್ಲ. ಹಕ್ಕಿಯೊಂದು ಮನೆಗೆ ಹಾರಿಬಂದು ಹೊಸ ವರ್ಷದ ಸಮೃದ್ಧಿಯ ಸುದ್ದಿ ಹೇಳುವ ಜನಪದ ಹಾಡು ಅದರ ಮೂಲ. ನಮ್ಮ ಸುಗ್ಗಿಯ ಹಾಡುಗಳ ನೆಂಟ ಎನ್ನಬಹುದು.

ನನ್ನ ತಕರಾರು ಇರುವುದು ಕಥೆಯ ಬಗ್ಗೆ. ಓ'ನೀಲ್ ಹೇಳುತ್ತಿದ್ದ ಪ್ರಕಾರ ಆ ಚೆಲೊ ವಾದಕ ಚಿಕ್ಕಂದಿನಲ್ಲಿ ಊರು ಬಿಟ್ಟು, ಹೊರಗೆ ಹೆಸರು ಮಾಡಿ, ಮುದುಕನಾಗಿ ಮರಳಿ ಬಂದವನು. ನಿಜವಾದ ವೆದ್ರಾನ್ ಸ್ಮಾಯ್ಲೊವಿಚ್ ಹಾಗಲ್ಲ. ಸಾರಾಯೆವೊದಲ್ಲೇ ಇದ್ದ, ಅಲ್ಲಿಯ ವಾದ್ಯಮೇಳಗಳಲ್ಲಿ ನುಡಿಸುತ್ತಿದ್ದ ಮೂವತ್ತರ ಹರೆಯದ ಕಲಾವಿದ. 1992ರ ಮೇ ತಿಂಗಳಲ್ಲಿ ಬ್ರೆಡ್ಡಿಗಾಗಿ ಸಾಲುಗಟ್ಟಿ ನಿಂತವರ ಮೇಲೆ ಷೆಲ್ ಬಿದ್ದು 22 ಜನ ಸತ್ತ ಮೇಲೆ ಬೀದಿಯಲ್ಲಿ ಕುಳಿತು ನುಡಿಸಿದವನು. ಊರು ಬಿಡದೆ ಉಳಿದವನನ್ನು ಊರಿಗೆ ಮರಳಿದವನನ್ನಾಗಿ ಮಾಡಿದ್ದೇಕೆ? ಹಬ್ಬದ ಕಥೆಗೆ ಮರಳುವವನು ಬೇಕು. ಅದೇ ತಂಡದ ಮೊದಲ ಆಲ್ಬಮಿನ ಕಥೆಯಲ್ಲೂ ಮನೆಗೆ ಹೋಗಲು ಹಣವಿಲ್ಲದ ಹುಡುಗಿಯೊಬ್ಬಳಿಗೆ ಬಾರಿನವನು ಗಲ್ಲಾಪೆಟ್ಟಿಗೆ ಖಾಲಿಮಾಡಿ ಕೊಡುತ್ತಾನೆ, ಅವಳು ಅಪ್ಪನ ಬಳಿ ತಲುಪುತ್ತಾಳೆ.

ಈ ಕಥೆಯನ್ನು ಅವ್ವನಿಗೆ ಹೇಳಿದೆ. ಅವಳು ಹಿಟ್ಟಿನ ಕೈ ತೊಳೆಯುತ್ತ, "ಆಕೀಗೆ ಹೋಗಾಕ ಮನಿ ಇತ್ತು, ಹೋದ್ಲು. ಮನೀನ ಇಲ್ಲದಾಕಿ ಎಲ್ಲಿಗೆ ಹೋಗಬೇಕು?" ಎಂದಳು.

ನವನಗರದಲ್ಲಿ ಈ ಮಾತು ಬರಿಯ ಮಾತಲ್ಲ. ಆಲಮಟ್ಟಿಯ ಹಿನ್ನೀರು 519.60 ಮೀಟರಿಗೆ ನಿಂತಾಗ ಅವ್ವ ಹುಟ್ಟಿದ ಮನೆ, ಆಡಿದ ಓಣಿ ನೀರಿಗೆ ಹೋದವು. ನಮ್ಮ ಊರು ಆ ಮುಳುಗಡೆಗಾಗಿಯೇ ಕಟ್ಟಿದ್ದು. ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದವರು ಈಗ ನಂಬರಿನ ಸೆಕ್ಟರುಗಳಲ್ಲಿ ಹಂಚಿಹೋಗಿದ್ದಾರೆ. ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆ ಇನ್ನಷ್ಟು ಊರುಗಳ ಎದುರಿಗಿದೆ. ಅಂಥವರ ಮುಂದೆ ಮರಳುವ ಕಥೆ ಹೇಳುವುದು ಸಮಾಧಾನವೋ, ಅಣಕವೋ?

ಆ ಜಾತ್ರೆಗೆ ಅವ್ವನನ್ನು ಕರೆದುಕೊಂಡು ಹೋದೆ. ದೇವಿಗೆ ಕೈಮುಗಿದು, ಹೊಂಡದ ಬದಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಉಂಡು, ಡೇರೆಯೊಂದಕ್ಕೆ ನುಗ್ಗಿದೆವು. ನಾಟಕ ಅವ್ವ ಎಷ್ಟೋ ಸಲ ನೋಡಿದ್ದು. ಮನೆಯಿಂದ ಹೊರಬಿದ್ದ ಮಗ ಕೊನೆಗೆ ತಾಯಿಯ ಮುಂದೆ ಬಂದು ನಿಲ್ಲಬೇಕು. ಎರಡರ್ಥದ ಮಾತುಗಳು ಮುಗಿಯಲೊಲ್ಲವು. ತಾಯಿ ಮಗನಿಗಾಗಿ ದೀಪ ಹಚ್ಚಿಟ್ಟು ಕಾಯುವ ದೃಶ್ಯವನ್ನು ಅರ್ಧಕ್ಕೇ ಕತ್ತರಿಸಿ ಸಿನಿಮಾ ಹಾಡಿನ ಕುಣಿತ ತುರುಕಿದರು. ಅದೂ ಅಬ್ಬರವೇ. ಆದರೆ ಯಾವ ಒಂಟಿ ದನಿಯನ್ನೂ ಕೇಳಿಸದೆ ಬಂದ ಅಬ್ಬರ. ಅದನ್ನು ಸಮರ್ಥಿಸಲು ನಾನು ಈ ಲೇಖನ ಬರೆಯುತ್ತಿಲ್ಲ.

ಕುಣಿತ ಮುಗಿದ ಮೇಲೆ ಕಾಲುಪೇಟಿಯವರು ಒಂದು ಸ್ವರ ಹಿಡಿದು ನಿಂತರು. ಮಗ ಇನ್ನೂ ರಂಗಕ್ಕೆ ಬಂದಿರಲಿಲ್ಲ, ತಾಯಿ ಮಾತು ಶುರುಮಾಡಿರಲಿಲ್ಲ. ಅಷ್ಟರಲ್ಲೇ ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು. ಸುತ್ತಲಿನ ಹೆಂಗಸರೂ ಅಷ್ಟೇ. ಮುಂದಿನ ಸಾಲಿನಲ್ಲಿ ಅಳುತ್ತಿದ್ದ ಒಬ್ಬಾಕೆ ತಿರುಗಿ ನೋಡಿದಳು, ಹಳೆ ಊರಿನಲ್ಲಿ ನಮ್ಮ ಓಣಿಯವಳೇ. ಆಮೇಲೆ ಇಬ್ಬರೂ ನಾಟಕ ನೋಡಲಿಲ್ಲ. ಯಾರ ಮನೆಯ ಪಕ್ಕ ಯಾರ ಮನೆಯಿತ್ತು ಎಂದು ಒಂದೊಂದೇ ಬಾಗಿಲು ಎಣಿಸುತ್ತ ಕುಳಿತರು. ಬಾವಿಯ ತನಕ ಬಂದು ಒಂದು ಮನೆ ತಪ್ಪಿತು. ಅದು ಯಾರದೆಂದು ಇಬ್ಬರಿಗೂ ನೆನಪಾಗಲಿಲ್ಲ.

ಭಾವುಕತೆಯ ಬಗ್ಗೆ ನನಗೆ ತಿಳಿದದ್ದು ಇಷ್ಟು. ಹಬ್ಬದ ಕಥೆ ಸುಳ್ಳು ಹೇಳಬಹುದು, ಸ್ಮಾಯ್ಲೊವಿಚ್ ವಿಷಯದಲ್ಲಿ ಹೇಳಿಯೂ ಇದೆ. ಆದರೆ ಅಲ್ಲಿ ಸೇರುವ ಜನ ಆ ಕಥೆಯನ್ನು ತಮ್ಮ ಲೆಕ್ಕಕ್ಕೆ ಬಳಸಿಕೊಳ್ಳುತ್ತಾರೆ. ರಂಗದ ಮೇಲಿನ ಮಗ ಮನೆ ಸೇರಿದ. ಕೆಳಗೆ ಕುಳಿತವರಿಗೆ ಸೇರಲು ಮನೆಯಿರಲಿಲ್ಲ. ಅವರಿಗೆ ಸಿಕ್ಕದ್ದು ನೆರೆಮನೆಯಾಕೆ. ಕೃತಿಯನ್ನು ಮಾತ್ರ ಓದುವ ನಮ್ಮ ವಿಮರ್ಶೆಗೆ ಇದು ಕಾಣುವುದಿಲ್ಲ, ಏಕೆಂದರೆ ಇದು ಕೃತಿಯಲ್ಲಿಲ್ಲ.

ಮುಂದಿನ ಬನದ ಹುಣ್ಣಿಮೆಗೆ ನಾಟಕ ನೋಡಹೋಗುವ ವಿದ್ಯಾರ್ಥಿಗಳಿಗೆ ಒಂದು ಮಾತು. ರಂಗದ ಮೇಲಿನ ತಪ್ಪುಗಳನ್ನು ಬರೆದುಕೊಳ್ಳಿ, ಬೇಕಾದಷ್ಟು ಸಿಗುತ್ತವೆ. ಜೊತೆಗೆ ಮಾತು ಬರುವ ಮೊದಲೇ ಜನ ಎಲ್ಲಿ ಅತ್ತರು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಅವ್ವ ಈ ಸಲ ಆ ನೆರೆಯಾಕೆಯ ಫೋನ್ ನಂಬರು ತಂದಿದ್ದಾಳೆ. ತಪ್ಪಿದ ಆ ಒಂದು ಮನೆಯ ವಿಚಾರಣೆ ಇನ್ನೂ ನಡೆದಿದೆ.